ಹತ್ತನೆಯ ಹಿತ್ತಿಲು

ಅಕ್ಕಿಆಲೂರಿನಾಚೆಯ ಆ ಊರಿನಲ್ಲಿ ಐವತ್ತೆಂಟರ ಮುಂಗಾರಿಗೆ ಹತ್ತು ಹಿತ್ತಿಲುಗಳಿಗೆ ಸರಕಾರದ ಅವರೆ ಬೀಜ ಬಂತು. ಎರಡು ಜಾತಿಯ ಬೀಜ. ಯಾವುದು ಈ ಮಣ್ಣಿಗೆ ಹೆಚ್ಚು ಕಾಯಿ ಬಿಡುತ್ತದೆಂದು ಮನೆಯವರೇ ಬೆಳೆದು ತೋರಿಸಬೇಕು. ಗೆದ್ದದ್ದು ಮುಂದಿನ ವರ್ಷ ತಾಲೂಕಿಗೆಲ್ಲ. ಹತ್ತರಲ್ಲೊಂದು ಊರಾಚೆಯ ಕೇರಿಯ ಮನೆಯಾಗಿರಬೇಕೆಂದು ಮೇಲಿಂದ ಕಾಗದ ಬಂದಿತ್ತು. ಹಾಗಾಗಿ ಉಡಚವ್ವನ ಹೆಸರು ಸೇರಿತು. ಗ್ರಾಮಸೇವಕ ನೀಲಪ್ಪ ಚಾವಡಿ ಕಟ್ಟೆಯ ಮೇಲೆ ನಿಂತು, ಕೆಳಗೆ ಸೆರಗೊಡ್ಡಿದವಳಿಗೆ ಎರಡು ಪೊಟ್ಟಣ ಬಿಟ್ಟ, ಕೈ ತಗಲದಂತೆ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ. ಅದೇ ದಾರವನ್ನು ಬಳ್ಳಿಯ ಕೋಲಿಗೂ ಕಟ್ಟಬೇಕು, ತಾನು ಹಿತ್ತಿಲಿಗೆ ಬಂದು ಎಣಿಸುವತನಕ ಒಂದು ಕಾಯಿಯನ್ನೂ ಹರಿಯಬಾರದು ಎಂದ.

ನಿನ್ನ ಹಿತ್ತಿಲಿಗೆ ಬರುತ್ತೇನೆಂದು ಊರೊಳಗಿನವರಾರೂ ಅವಳಿಗೆ ಈವರೆಗೆ ಅಂದಿರಲಿಲ್ಲ. ಗಂಡ ಸತ್ತ, ಮಕ್ಕಳಿಲ್ಲದ ಮನೆ. ಅವಳು ಹಂದರ ಹಾಕಿದಳು, ಕೊಡ ಹೊತ್ತು ನೀರುಣಿಸಿದಳು, ಹೂವಾದ ಸುದ್ದಿಯನ್ನು ಬಳ್ಳಿಗೇ ಹೇಳಿದಳು. ಊರೊಳಗಿನ ಒಂಬತ್ತು ಮನೆಗಳಲ್ಲಿ ಎಳೆಗಾಯಿ ಪಲ್ಯವಾಗುವಾಗ ಇವಳು ನುಚ್ಚಿಗೆ ಉಪ್ಪು ನಂಚಿಕೊಂಡಳು.

“ಸರಕಾರದ ಸೊಸಿ ಆಗೀಯಲ್ಲ ಯವ್ವಾ, ಮಾವ ಬರೂತನಕ ಉಣ್ಣಂಗಿಲ್ಲೇನ?” ಎಂದು ನೆರೆಮನೆಯ ಅನ್ನವ್ವ ನಕ್ಕಳು. ಉಡಚವ್ವ ಹಂದರದ ಕೆಳಗೆ, ನೀಲಪ್ಪ ನಿಲ್ಲುವ ಜಾಗವನ್ನು, ವಾರಕ್ಕೊಮ್ಮೆ ಸಾರಿಸುತ್ತಲೇ ಇದ್ದಳು.

ಕಾಯಿ ಬಲಿತವು, ಒಣಗಿದವು, ಗಾಳಿಗೆ ಗಲಗಲ ಅಂದವು. ಸಂಕ್ರಾಂತಿ ದಾಟಿದ ಮೇಲೆ ನೀಲಪ್ಪ ಬಂದ, ಕೇರಿಯ ತುದಿಯ ಹುಣಸೆಮರದ ತನಕ. ಉಳಿದವರೆಲ್ಲ ಬಾಯಿಲೆಕ್ಕ ಬರೆಸಿದ್ದಾರೆ, ನೀನೂ ಹರಿದು ಮೊರದಲ್ಲಿ ಹಾಕಿಕೊಂಡು ಚಾವಡಿಗೆ ಬಾ ಎಂದು ಸೈಕಲ್ ಹಿಡಿದೇ ಹೇಳಿದ.

“ಬಳ್ಳಿ ಚಾವಡಿಗೆ ಬರೂದಿಲ್ರಿ. ಬಂದು ಎಣಸ್ತೇನಿ ಅಂದವ್ರು ನೀವ. ಹತ್ತ ಹೆಜ್ಜಿ ಐತಿ, ಬರ್ರಿ.”

ನೀಲಪ್ಪ ಹಿಂದಕ್ಕೆ ಊರಿನತ್ತ ನೋಡಿದ. “ನಾ ಒಳಗ ಬಂದ್ರ ನಾಳೆ ಊರಾಗ ನನಗ ನೀರ ಕೊಡೂದಿಲ್ಲ, ಉಡಚವ್ವ.”

“ನಮಗ ಎಂದ ಕೊಟ್ಟಾರ್ರಿ?”

“ಹಂಗಾರ ಬೆಳಿ ಬಂದಿಲ್ಲಂತ ಬರಿತೇನಿ.”

“ಬರ್ಕೋರಿ. ಬಳ್ಳಿ ನೋಡಿ ಬರ್ಕೋರಿ.”

ಅವನು ನೋಡದೆಯೇ ಬರೆದುಕೊಂಡು ಹೋದ.

ಉಡಚವ್ವ ಹಿತ್ತಿಲಿಗೆ ಬಂದು, ಒಂದೊಂದು ಕಾಯಿಗೂ ಗೋಡೆಗೆ ಇದ್ದಿಲಿನ ಗೀರೆಳೆಯುತ್ತ ಹರಿದಳು. ಕೆಂಪು ದಾರದ ಗೀರುಗಳು ಗೋಡೆ ಮುಗಿದು ಬಾಗಿಲ ಚೌಕಟ್ಟಿಗೆ ಹತ್ತಿದವು. ಬಿಳಿಯವು ಅರ್ಧಕ್ಕೇ ನಿಂತವು. ತಾಲೂಕಿಗೆಲ್ಲ ಬೇಕಾಗಿದ್ದ ಉತ್ತರ ಅದು. ಅವಳು ಅದನ್ನು ಜೋರಾಗಿಯೇ ಹೇಳಿದಳು. ಕೇಳಲು ಬರಿದಾದ ಹಂದರವಷ್ಟೇ ಇತ್ತು.

ಕೆಂಪು ದಾರದ ಕಾಳಿಗೆ ಬೂದಿ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಅದೇ ದಾರ ಸುತ್ತಿದಳು. ಬಿಳಿಯದನ್ನು ಸಂಜೆಯ ಸಾರಿಗೆ ನೆನೆಹಾಕಿ, ಸಾರಿಸಿದ ಜಾಗದಲ್ಲಿ ತಾನೇ ಕುಳಿತಳು.