ಕಿಟಕಿಯ ಮೇಲೊಂದು ಶ್ರದ್ಧಾಂಜಲಿ

ಚನ್ನರಾಯಪಟ್ಟಣದ ವಾಚನಾಲಯದಲ್ಲಿ ಹಾಡಹಗಲೇ ಟ್ಯೂಬ್‌ಲೈಟು ಉರಿಯುತ್ತಿದೆ ಎಂದು ಕೇಳಿದಾಗಲೇ ಶರ್ವಾಣಿಗೆ ಮೈಯೆಲ್ಲ ಉರಿದಿತ್ತು. ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಅವಳು ಆ ಕಿಟಕಿಗಳಿಗಾಗಿ ನಿದ್ದೆಗೆಟ್ಟವಳು. ಅಲ್ಲಿ ಎರಡು ಗಾಜುಗಳ ನಡುವೆ ಸೋಲಾರ್ ಬಿಲ್ಲೆಗಳನ್ನು ಕೂರಿಸಿದ್ದರು. ಬಿಲ್ಲೆ ಕರೆಂಟು ಕೊಡಬೇಕು, ಬಿಲ್ಲೆಗಳ ಸಂದಿಯಿಂದ ಬೆಳಕು ಒಳಗೆ ಬರಬೇಕು. ಬಿಲ್ಲೆ ಒತ್ತಾದರೆ ಫ್ಯಾನು ತಿರುಗುತ್ತದೆ, ಓದುವ ಹುಡುಗಿಯರ ಕಣ್ಣು ಹೋಗುತ್ತದೆ. ವಿರಳವಾದರೆ ಅಕ್ಷರ ಕಾಣುತ್ತದೆ, ಫ್ಯಾನು ಅಲ್ಲಾಡುವುದಿಲ್ಲ. ಆ ಹದ ಹುಡುಕಲು ಅವಳು ಕಂಪ್ಯೂಟರಿನಲ್ಲಿ ಇಡೀ ವಾಚನಾಲಯವನ್ನೇ ಕಟ್ಟಿ, ಚನ್ನರಾಯಪಟ್ಟಣದ ಆಕಾಶದಲ್ಲಿ ವರ್ಷಪೂರ್ತಿ ಸೂರ್ಯನನ್ನು ಹುಟ್ಟಿಸಿ ಮುಳುಗಿಸಿ ನೋಡಿದ್ದಳು. ಎದುರುಮನೆಯ ನೀರಿನ ಟ್ಯಾಂಕಿನ ನೆರಳನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ಖರ್ಚು ಕೊಟ್ಟವರು ಬಾಗೂರಿನ ಕೆಂಪಣ್ಣ. ಹೆಣ್ಣುಮಕ್ಕಳು ಓದಲಿ ಎಂದಷ್ಟೇ ಹೇಳಿದ್ದ ಆ ಪುಣ್ಯಾತ್ಮ, ಕಿಟಕಿ ಕೂರಿಸಿದ ವರ್ಷವೇ ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಹೋಗಿದ್ದರು.

ಈಗ ವಾಚನಾಲಯ ಸಮಿತಿಯ ಅಧ್ಯಕ್ಷ ರುದ್ರೇಶ ಸಭೆ ಕರೆದಿದ್ದ. ಗಾಜು ಕೆಲಸಕ್ಕೆ ಬಾರದು, ಕಿತ್ತುಹಾಕೋಣ, ಮಹಡಿಯ ಓದುವ ಹಾಲನ್ನು ಬಟ್ಟೆಯಂಗಡಿಗೆ ಬಾಡಿಗೆಗೆ ಕೊಡೋಣ ಎಂಬುದು ಅವನ ವಾದ. ಅದನ್ನು ತಡೆಯಲೆಂದೇ ಬಸ್ಸಿಳಿದು ಓಡೋಡಿ ಬಂದ ಶರ್ವಾಣಿ ರಸ್ತೆಯಲ್ಲೇ ನಿಂತುಬಿಟ್ಟಳು.

ಮಹಡಿಯ ದಕ್ಷಿಣದ ಗೋಡೆ ಕಾಣುತ್ತಲೇ ಇರಲಿಲ್ಲ. ಕಿಟಕಿಗಳ ಈ ತುದಿಯಿಂದ ಆ ತುದಿಗೆ ಒಂದು ಫ್ಲೆಕ್ಸು. 'ಭಾವಪೂರ್ಣ ಶ್ರದ್ಧಾಂಜಲಿ.' ನಡುವೆ ಕೆಂಪಣ್ಣ. ಕೆಳಗೆ ದುಃಖತಪ್ತರ ಸಾಲು. ಆ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡದಾಗಿ, ಕಪ್ಪು ಕನ್ನಡಕ ಹಾಕಿ, ಕಿವಿಗೆ ಮೊಬೈಲು ಹಿಡಿದ ರುದ್ರೇಶ. ಸಹಕಾರ ಸಂಘದ ಚುನಾವಣೆ ಹತ್ತಿರ ಬಂದಿತ್ತು, ಅದಕ್ಕೆ ಅವನೂ ನಿಂತಿದ್ದ. ಊರಿಗೆ ಊರೇ ಇದರ ಕೆಳಗೆ ಓಡಾಡಿಕೊಂಡಿತ್ತು. ಅದರ ಹಿಂದೆ ಕಿಟಕಿ ಇದೆ ಎಂದು ಹೊಳೆದವರೂ ಬಾಯಿ ಬಿಟ್ಟಿರಲಿಲ್ಲ. ನಾಚಿಕೆಗೇಡು!

ಮೇಲೆ ಓದುವ ಹಾಲಿನ ಒಂದು ಪಕ್ಕದಲ್ಲಿ ಹುಡುಗಿಯರು ಓದುತ್ತಿದ್ದರು, ಇನ್ನೊಂದು ಪಕ್ಕದಲ್ಲಿ ಸಭೆ.

"ಏನ್ ಮೇಡಂ, ನಿಮ್ ಕಂಪ್ಯೂಟ್ರು ಏಳಿದ್ದೇ ಒಂದು, ಇಲ್ಲಿ ಮೀಟ್ರು ಏಳೋದೇ ಒಂದು," ಎಂದ ರುದ್ರೇಶ.

"ಕಿಟಕಿಗೆ ಫ್ಲೆಕ್ಸ್ ಹೊದಿಸಿದ್ದೀರಲ್ಲ ಸಾರ್!"

"ಅದೇನ್ ಗೋಡೇನಾ? ತೆಳ್ಳುಗಿರೋ ಶೀಟು. ಗಾಳಿಗೆ ಆಡ್ತಾ ಇರ್ತದೆ."

ಶರ್ವಾಣಿ ಲ್ಯಾಪ್‌ಟಾಪ್ ತೆರೆದು, ಕಂಪ್ಯೂಟರಿನ ವಾಚನಾಲಯಕ್ಕೂ ಅಷ್ಟೇ ಅಗಲದ ಒಂದು ಫ್ಲೆಕ್ಸು ಇಳಿಬಿಟ್ಟಳು. ಮೇಜುಗಳ ಮೇಲಿನ ಬೆಳಕು ಕುಸಿಯಿತು. ಕರೆಂಟೂ ಕುಸಿದು, ಗೋಡೆಯ ಸೋಲಾರ್ ಮೀಟರು ತೋರಿಸುತ್ತಿದ್ದ ಅಂಕಿಯ ಹತ್ತಿರಕ್ಕೇ ಬಂದು ನಿಂತಿತು. ರುದ್ರೇಶ ಬಗ್ಗಿ ನೋಡಿ ಖುಷಿಯಿಂದ ಮೇಜು ಕುಟ್ಟಿದ.

"ನೋಡಿ, ಈಗ ಕಂಪ್ಯೂಟ್ರೂ ಒಪ್ಕಂತು! ಗಾಜು ದಂಡ ಅಂತ ಬರ್ಕಳಿ."

"ದಂಡ ಗಾಜಲ್ಲ ಸಾರ್, ನೀವು!" ಶರ್ವಾಣಿಯ ತಾಳ್ಮೆ ಸತ್ತೇಹೋಯಿತು. "ಇಳಿಸಿ ಅದನ್ನ. ಈಗಲೇ ಇಳಿಸಿ!"

"ಸತ್ತೋರ್ ಫೋಟೋ ಇಳಿಸ್ಬೇಕಾ? ಊರೋರು ಏನಂದಾರು? ಅಮ್ನೋರು ಇಲ್ಲೇ ಕುಂತವ್ರೆ, ಅವ್ರ ಒಟ್ಟೆ ಉರಿಸ್ಬೇಡಿ ಮೇಡಂ."

ಅಮ್ಮನವರೆಂದರೆ ಕೆಂಪಣ್ಣನ ಹೆಂಡತಿ ಪುಟ್ಟತಾಯಮ್ಮ. ಸಮಿತಿಯಲ್ಲಿ ಗಂಡನಿಗಿದ್ದ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು, ಮಾತಾಡಲೆಂದೇನೂ ಅಲ್ಲ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಗಾಜಿನಾಚೆ ಮಂಕಾಗಿ ಜೋತಿದ್ದ ಫ್ಲೆಕ್ಸಿನ ಬೆನ್ನನ್ನು ನೋಡಿದರು.

"ಗಾಜೇ ಇಂಗೆ ಅನ್ಕಂಡಿದ್ದೆ ಕಣ್ಲಾ," ಎಂದರು. ರುದ್ರೇಶನತ್ತ ಬೆರಳು ಚಾಚಿದರು. "ಎಣ್ಮಕ್ಳಿಗೆ ಬೆಳಕಾಗ್ಲಿ ಅಂತ ಕೊಟ್ರು ನಮ್ಮನೆಯೋರು. ನೀನು ಅವ್ರನ್ನೇ ತಂದು ಆ ಬೆಳಕಿಗೆ ಅಡ್ಡ ನಿಲ್ಸಿದೀಯಲ್ಲೋ!" ಶರ್ವಾಣಿಯ ಕಡೆ ತಿರುಗಿದರು. "ಓಗವ್ವ, ಕುಯ್ದಾಕು. ಅದೇನ್ ಪಾಪ ಬತ್ತದೋ ನಂಗೇ ಬರ್ಲಿ."

ಶರ್ವಾಣಿ ಮೇಜಿನ ಮೇಲಿದ್ದ ಕತ್ತರಿ ಬಾಚಿಕೊಂಡು ತಾರಸಿಗೆ ಓಡಿದಳು. ಅಂಚಿಗೆ ಕಬ್ಬಿಣದ ಕಂಬಿ ಬಿಗಿದು, ಅದಕ್ಕೆ ಹಗ್ಗ ಕಟ್ಟಿದ್ದರು. ಒಂದೊಂದು ಹಗ್ಗಕ್ಕೂ ಒಂದೊಂದು ಬೈಗುಳ ಬೈಯುತ್ತ ಕತ್ತರಿಸಿದಳು. ಫ್ಲೆಕ್ಸು ದೊಪ್ಪನೆ ರಸ್ತೆಗೆ ಬಿತ್ತು.

ಅವಳು ಇಳಿದು ಬರುವಷ್ಟರಲ್ಲಿ ಧನುರ್ಮಾಸದ ಬಿಸಿಲು ಮೇಜುಗಳ ಮೇಲೆಲ್ಲ ಹರಡಿತ್ತು. ಒಬ್ಬ ಹುಡುಗಿ ಎದ್ದು ಟ್ಯೂಬ್‌ಲೈಟು ಆರಿಸಿದಳು. ಆರಿಸಿದ್ದೇ ಯಾರಿಗೂ ಗೊತ್ತಾಗಲಿಲ್ಲ. ಮೀಟರಿನ ಅಂಕಿ ಏರುತ್ತಿತ್ತು. ಅದನ್ನೇ ನೋಡುತ್ತ ನಿಂತಿದ್ದ ರುದ್ರೇಶ ಹಲ್ಲು ಕಿರಿದ.

"ಗೆದ್ಬುಟ್ರಿ ಮೇಡಂ! ಗಾಜು ಇಲ್ಲೇ ಇರ್ಲಿ ಬುಡಿ. ನಿಮ್ದೊಂದು ಫೋಟೋ ಕಳ್ಸಿ, ಸಮಿತಿ ಕಡೆಯಿಂದ ಅಭಿನಂದನೆ ಫ್ಲೆಕ್ಸ್ ಆಕುಸ್ಬುಡಾನ."

"ಎಲ್ಲಿ?"

"ಇಲ್ಲೇ. ಕಂಬಿ ಎಂಗೂ ಐತಲ್ಲ."

ಶರ್ವಾಣಿ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಬಾಗಿಲ ಹಿಂದೆ ಒರಗಿಸಿದ್ದ ಹಾರೆ ಎತ್ತಿಕೊಂಡು, ಆ ಕಂಬಿಯನ್ನೇ ಮೀಟಿ ಕೀಳಲು ಮತ್ತೆ ಮೆಟ್ಟಿಲು ಹತ್ತಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪುಟ್ಟತಾಯಮ್ಮನೂ ಹಿಂದೆಯೇ ಹತ್ತಿದರು.