ಕೆಮಿಸ್ಟ್ರಿ ಗೈಡಿನ ರಟ್ಟು

ನಮ್ಮ ಹಾಸ್ಟೆಲ್ ಲೈಬ್ರರಿಯಲ್ಲಿ ಹದಿನಾರು ವಯಸ್ಸಿನವರು ಓದುವಂಥ ಒಂದು ಪುಸ್ತಕವೂ ಇರಲಿಲ್ಲ. ಅಳಿಲು ಮಾತಾಡುವ ಕಥೆಗಳಿದ್ದವು. ಅದು ಬಿಟ್ಟರೆ ಮಂಡಿನೋವಿನವರು ಓದುವ ಆತ್ಮಚರಿತ್ರೆಗಳು. ನಡುವಿನ ವಯಸ್ಸು ಯಾರಿಗೂ ಬರುವುದೇ ಇಲ್ಲ ಎನ್ನುವ ಹಾಗೆ.

ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು, ನನ್ನ ಅಧಿಕಾರ ಅಷ್ಟೇ. ವಾರ್ಡನ್ ಮೇಡಂ ಹಿಂದೆ ಅಲೆದು ಅಲೆದು, ನಮ್ಮ ವಯಸ್ಸಿನವರದೇ ಕಥೆ ಇರುವ ಒಂಬತ್ತು ಹೊಸ ಕಾದಂಬರಿ ತರಿಸಿದೆ.

"ಪರೀಕ್ಷೆ ಮುಗಿದ ದಿನ ಒಂಬತ್ತೂ ಇದ್ರೆ ಇನ್ನೊಂದು ಕಪಾಟು ತುಂಬಿಸ್ತೀನಿ. ಒಂದು ಕಮ್ಮಿ ಆದ್ರೂ ಈ ಮಾತು ನನ್ನ ಮುಂದೆ ಎತ್ತಬೇಡ" ಎಂದರು ಮೇಡಂ.

ಪುಸ್ತಕ ತರಿಸುವುದು ಸುಲಭ, ಓದಿಸುವುದು ಕರ್ಮ.

"ಅಕ್ಕಾ, ಅಳು ಬರೋ ಥರದ್ದು ಕೊಡಿ. ಆದ್ರೆ ಯಾರೂ ಸಾಯಬಾರದು."

"ತೆಳ್ಳಗಿರೋದು ಯಾವುದು?"

"ಲವ್ ಇದೆಯಾ? ಎಷ್ಟನೇ ಪುಟದಿಂದ?"

ಸೊಳ್ಳೆ ಎಂಬ ಹುಡುಗಿಯಂತೂ ಜನ್ಮದಲ್ಲಿ ಒಂದು ಪುಸ್ತಕ ಮುಗಿಸಿದವಳಲ್ಲ. ಕಿವಿಯ ಹತ್ತಿರವೇ ಬಂದು ಗುಯ್ ಎನ್ನುತ್ತಾಳೆಂದು ಆ ಹೆಸರು. ಅವಳ ಅಪ್ಪ ಅಮ್ಮ ಹಿಂದಿನ ವರ್ಷ ಬೇರೆಯಾಗಿದ್ದರು. ಗಂಡ ಹೆಂಡತಿ ಬೇರೆಯಾದ ಮೇಲೆ ನಾಯಿ ಯಾರ ಮನೆಯಲ್ಲಿರಬೇಕೆಂದು ಮಗಳು ಜಗಳಕ್ಕೆ ನಿಲ್ಲುವ ಕಾದಂಬರಿ ಅವಳ ಕೈಗೆ ಕೊಟ್ಟೆ. ಎರಡು ದಿನ ಗುಯ್ ಶಬ್ದ ನಿಂತಿತು.

ಸಂಜೆ ಓದಿನ ಹೊತ್ತಿನಲ್ಲಿ ಪಾಠ ಬಿಟ್ಟು ಬೇರೇನೂ ಓದುವಂತಿರಲಿಲ್ಲ. ಹುಡುಗಿಯರು ಹಳೆಯ ಕೆಮಿಸ್ಟ್ರಿ ಗೈಡುಗಳ ರಟ್ಟು ಕಿತ್ತು ಕಾದಂಬರಿಗಳಿಗೆ ತೊಡಿಸಿದರು. ಮೇಡಂಗೆ ಖುಷಿಯೋ ಖುಷಿ. ನಾನು ಮಾತ್ರ ದಿನಾ ಬಾಯಿ ಬಡಿದುಕೊಂಡೆ: "ವಾಪಸ್ ಇಡುವಾಗ ರಟ್ಟು ಬಿಚ್ಚಿ ಇಡ್ರೇ!"

ಕೊನೆಯ ಪರೀಕ್ಷೆಯ ಬೆಳಿಗ್ಗೆ, ಒಂಬತ್ತೂ ಲೈಬ್ರರಿ ಮೇಜಿನ ಮೇಲೆ ಇರಬೇಕೆಂದು ಹೇಳಿ ನಾನೂ ಪರೀಕ್ಷೆಗೆ ಹೋದೆ. ಬಂದು ನೋಡಿದರೆ ಮೇಜು ಬೋಳು.

"ಪುಸ್ತಕ ಎಲ್ರೇ?"

"ಮೇಜಿನ ಮೇಲೇ ಇಟ್ಟಿದ್ವಲ್ಲ ಅಕ್ಕಾ. ಅಲ್ಲಿದ್ದ ಹಳೇ ಗೈಡ್‌ಗಳ ಜೊತೆ ಜೋಡಿಸಿ, ನೀಟಾಗಿ."

"ರಟ್ಟು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪರೀಕ್ಷೆ ಟೆನ್ಶನ್ ಅಕ್ಕಾ..."

ಸಿಲೆಬಸ್ ಬದಲಾಗಿದೆ, ಹಳೇ ಗೈಡೆಲ್ಲ ಗುಜರಿಗೆ ಹಾಕು ಎಂದು ಮೇಡಂ ವಾಚ್‌ಮನ್‌ಗೆ ಹೇಳಿದ್ದರಂತೆ. ಅವನು ಹೇಳಿದ ಕೆಲಸ ಮಾಡಿದ್ದ. ಜನ್ಮದಲ್ಲಿ ಮೊದಲ ಸಲ, ಹೇಳಿದ ದಿನವೇ.

ಗುಜರಿ ಅಂಗಡಿಗೆ ಓಡಿದೆ. "ಪೇಪರ್ ಲಾರಿ ಆಗಲೇ ಹೋಯ್ತಮ್ಮ. ಹಳೇ ಗೈಡಿಗೆ ಇಷ್ಟೊಂದು ಗಾಬರಿನಾ? ಫೇಲಾಗ್ತೀಯಾ?" ಎಂದ ಅಂಗಡಿಯವನು.

ಮೇಡಂ ಮುಂದೆ ನಿಂತೆ. ನಿಜ ಹೇಳಿದರೆ ಇಡೀ ಹಾಸ್ಟೆಲ್ಲಿಗೆ ಮಂಗಳಾರತಿ. "ಕಳೆದುಹೋದ್ವು ಮೇಡಂ" ಎಂದೆ.

"ಒಂಬತ್ತೂನಾ? ನನಗೆ ಗೊತ್ತಿತ್ತು. ಓದೋರು ಯಾರಿದ್ರು ಅದನ್ನ? ಪಾಪ, ಹುಡುಗೀರು ಮೂರು ಹೊತ್ತೂ ಕೆಮಿಸ್ಟ್ರಿ ಹಿಡ್ಕೊಂಡಿದ್ರು. ಇನ್ನು ಕಪಾಟು ಗಿಪಾಟು ಅಂತ ಬರಬೇಡ."

ಹೊರಗೆ ಸೊಳ್ಳೆ ಕಾಯುತ್ತಿದ್ದಳು.

"ಪುಸ್ತಕ ಮುಗಿಸಿದ್ಯಾ?" ಎಂದೆ.

"ಇಲ್ಲ. ಇನ್ನೂ ಹದಿನೆಂಟು ಪುಟ ಉಳಿದಿತ್ತು. ನೀವು ಇಡು ಅಂದ್ರಲ್ಲ, ಇಟ್ಟೆ. ಪರೀಕ್ಷೆ ಮುಗಿಸ್ಕೊಂಡು ಬಂದು ಓದೋಣ ಅಂತ."

ನನ್ನ ಮಾತನ್ನು ಎಲ್ಲರೂ ಅರ್ಧ ಕೇಳಿದ್ದರು: ವಾಪಸ್ ಇಟ್ಟಿದ್ದರು, ರಟ್ಟು ಬಿಚ್ಚಿರಲಿಲ್ಲ. ಆ ಅರ್ಧವೇ ಮುಳುವಾಯಿತು. ಕಥೆಯ ಕೊನೆ ಯಾರಿಗೂ ಹೇಳಬಾರದು ಎಂಬುದು ನನ್ನ ನಿಯಮ. ಅದನ್ನೂ ಬಿಟ್ಟೆ.

"ನಾಯಿ ಯಾರ ಹತ್ರ ಉಳೀತು ಅಂದ್ರೆ..."

"ಬೇಡ ಅಕ್ಕಾ" ಎಂದು ಎರಡೂ ಕಿವಿ ಮುಚ್ಚಿಕೊಂಡಳು. "ನೀವು ಹೇಳಿದ್ರೆ ಓದಿದ ಹಾಗಾಗಲ್ಲ."

ಒಂಬತ್ತು ಕಾದಂಬರಿ ಹೋದವು. ಬರಬೇಕಾದ ಒಂದು ಕಪಾಟು ಹೋಯಿತು. ಸೊಳ್ಳೆಗೆ ಹದಿನೆಂಟು ಪುಟ.