ಉಡಿ ತುಂಬ್ರಿ ವೈನಿ

ನಿಜಲಿಂಗಪ್ಪನ ರೇನರ್ಸ್ ಲೇನ್ ಮನೆಯಲ್ಲಿ ಆರು ಹುಡುಗಿಯರಿಗೆ ಒಂದೇ ಕೋಣೆ, ಅವರ ಪಾಸ್‌ಪೋರ್ಟುಗಳಿಗೆ ಬೀಗ ಹಾಕಿದ ಕಪಾಟು. ವಿಜಯಪುರದ ಕಡೆಯ ಹುಡುಗಿಯರನ್ನು ಈ ಪರದೇಶಕ್ಕೆ ಕರೆತಂದು ಅಕ್ಸ್‌ಬ್ರಿಡ್ಜಿನ ಆಫೀಸುಗಳನ್ನು ಗುಡಿಸಲು ಕಳಿಸುವುದು ಅವನ ಕಸುಬು. ಪಾಸ್‌ಪೋರ್ಟ್ ಕೇಳಿದವರಿಗೆ, "ಕಳೀಬಾರದಂತ ಇಟ್ಟೀನಿ" ಎನ್ನುತ್ತಿದ್ದ. ಎರಡನೇ ಸಲ ಕೇಳಿದವಳಿಗೆ, "ನನ್ನ ಬಿಟ್ರ ಈ ಊರಾಗ ನಿನಗ ಯಾರದಾರ?"

ಅಮೂಲ್ಯಾ ಒಮ್ಮೆಯೂ ಕೇಳಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನಾಲ್ಕು ಜನರೆದುರು ಮಾತಾಡಿದರೆ ಕಿವಿ ಕೆಂಪಾಗುವವಳು. ಊರಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮಿನ ಗೆಳತಿ ತನ್ನ ಮನೆಗೆ ಬಾ ಎಂದು ತಿಂಗಳಿಂದ ಕರೆಯುತ್ತಿದ್ದಳು. ಪಾಸ್‌ಪೋರ್ಟ್ ಬಿಟ್ಟು ಹೋಗಲು ಇವಳಿಗೆ ಮನಸ್ಸಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಹುಡುಗಿಯರೆಲ್ಲ ಅತ್ತಿಗೆಯ ಸಲಿಗೆಯಿಂದ ವೈನಿ ಎನ್ನುತ್ತಿದ್ದ, ನಿಜಲಿಂಗಪ್ಪನ ಹೆಂಡತಿ ನೀಲವ್ವ ಗಂಡನ ಮಾತು ಮೀರುತ್ತಿದ್ದುದು ಒಂದೇ ವಿಷಯದಲ್ಲಿ: ಅವನು ಕಾರಿನ ಹಾರ್ನ್ ಎಷ್ಟೇ ಒತ್ತಲಿ, ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಬೇರು ಹಾಕಿ ಉಡಿ ತುಂಬದೆ ಕಳಿಸುತ್ತಿರಲಿಲ್ಲ.

ಶ್ರಾವಣದ ಭಾನುವಾರ ಮನೆ ತುಂಬ ನೆಂಟರಿಷ್ಟರು. ಹೋಳಿಗೆ ಬಡಿಸುತ್ತಿದ್ದ ಹುಡುಗಿಯರನ್ನು ತೋರಿಸಿ ನಿಜಲಿಂಗಪ್ಪ, "ಇವರು ಕೆಲಸದವರಲ್ಲರೀ, ನಮ್ಮನಿ ಹೆಣ್ಮಕ್ಕಳು" ಎಂದ.

"ಎಷ್ಟು ದೊಡ್ಡ ಮನಸ್ಸು ಸಾರ್ ನಿಮ್ದು!" ಊಟಕ್ಕೆ ಬಂದಿದ್ದ ಬೆಂಗಳೂರಿನ ಉಷಾ ಮೆಚ್ಚಿಕೊಂಡಳು.

ಅಮೂಲ್ಯಾ ಪಾತ್ರೆ ಕೆಳಗಿಟ್ಟಳು. ನೀಲವ್ವನ ಮುಂದೆ ನಿಂತು ಸೆರಗು ಒಡ್ಡಿದಳು.

"ಮನಿ ಹೆಣ್ಮಗಳು ಹೊಂಟೀನ್ರಿ ವೈನಿ. ಉಡಿ ತುಂಬ್ರಿ."

"ಹುಚ್ಚಿ, ಎಲ್ಲಿಗೆ ಹೊಂಟಿ? ಹೋಗು, ಸಾರು ಬಿಸಿ ಮಾಡು," ನಿಜಲಿಂಗಪ್ಪ ನಕ್ಕ.

"ಸಾರು ಬಿಸೀನ ಐತ್ರಿ ಅಣ್ಣಾರ."

ಜನ ನೋಡುತ್ತಿದ್ದರು. ನೀಲವ್ವ ಅಕ್ಕಿ, ಕೊಬ್ಬರಿ, ಅರಿಶಿನದ ಬೇರು ತಂದು ಹಾಕಿದಳು. ಅಮೂಲ್ಯಾ ಸೆರಗು ಮುಚ್ಚಲಿಲ್ಲ.

"ಇನ್ನೊಂದು ಉಳೀತ್ರಿ. ನನ್ನ ಪಾಸ್‌ಪೋರ್ಟ್. ನಿಮ್ಮ ಕಪಾಟಿನಾಗ ಐತಿ."

"ಇವಳ ಪಾಸ್‌ಪೋರ್ಟ್ ನಿಮ್ಮ ಹತ್ರ ಯಾಕಿದೆ ಸಾರ್?" ಉಷಾಳ ಕೈಯಲ್ಲಿದ್ದ ಹೋಳಿಗೆ ಹಾಗೇ ನಿಂತಿತು.

"ಆಮ್ಯಾಲೆ ಕೊಡ್ತೀನಿ," ಅವನು ಹಲ್ಲು ಕಚ್ಚಿದ.

ಅಮೂಲ್ಯಾ ಅವನತ್ತ ತಿರುಗಲೇ ಇಲ್ಲ. ಕಿವಿ ಉರಿಯುತ್ತಿತ್ತು. "ಅರ್ಧ ಉಡಿ ತುಂಬಿ ಕಳಸ್ತೀರೇನ್ರಿ ವೈನಿ?"

ನೀಲವ್ವ ಸೊಂಟಕ್ಕೆ ಸಿಕ್ಕಿಸಿದ್ದ ಕಪಾಟಿನ ಕೀಲಿ ಮುಟ್ಟಿಕೊಂಡಳು.

"ನೀಲಾ!"

"ಸುಮ್ನಿರ್ರಿ. ಅರ್ಧ ಉಡಿ ಮನಿಗೆ ಛಲೋ ಅಲ್ಲ." ಒಳಗೆ ಹೋದವಳು ಪಾಸ್‌ಪೋರ್ಟ್ ತಂದು ಅಕ್ಕಿಯ ಮೇಲಿಟ್ಟು, ಅಮೂಲ್ಯಾಳ ಹಣೆಗೆ ಕುಂಕುಮ ಹಚ್ಚಿದಳು.

ಅಷ್ಟರಲ್ಲಿ ಇನ್ನೊಬ್ಬ ಹುಡುಗಿ ತಟ್ಟೆ ಬದಿಗಿಟ್ಟು ದುಪಟ್ಟಾ ಹಿಡಿದು ಮುಂದೆ ಬಂದಳು. "ನನಗೂ ತುಂಬ್ರಿ ವೈನಿ."

ನಿಜಲಿಂಗಪ್ಪ ಬಾಗಿಲ ತನಕ ಅಮೂಲ್ಯಾಳ ಹಿಂದೆ ಬಂದ. "ಈ ಹೊಸ್ತಿಲ ದಾಟಿದಿ ಅಂದ್ರ ಮತ್ತ ಒಳಗ ಬರಂಗಿಲ್ಲ ನೋಡು!"

"ಅದಕ್ಕ ದಾಟಾಕತ್ತೀನ್ರಿ," ಎಂದು ಅಮೂಲ್ಯಾ ಚಪ್ಪಲಿ ಮೆಟ್ಟಿದಳು.